ಚಿನ್ನದ ನ್ಯಾನೋ ಕಣದಿಂದ ರೋಗಪತ್ತೆಯ ಸ್ಟ್ರಿಪ್: ಕಾಲೇಜು ಲ್ಯಾಬಿನಲ್ಲಿ ಮಾಡುವ ಬಗೆ

ಪ್ರೆಗ್ನೆನ್ಸಿ ಕಿಟ್, ಮಲೇರಿಯಾ ಕಿಟ್, ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡುತ್ತಿದ್ದ ಕಿಟ್. ಇವುಗಳಲ್ಲಿ ಮೂಡುವ ಕೆಂಪು ಗೆರೆ ಬಹಳಷ್ಟು ಸಲ ಚಿನ್ನದ್ದು. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ. ಚಿನ್ನ ಹಳದಿ ಅಲ್ವಾ ಅಂತ ಕೇಳುತ್ತಾರೆ. ಆಮೇಲೆ ಅವರೇ ಬೀಕರ್ ಮುಂದೆ ನಿಂತು, ತಿಳಿ ಹಳದಿ ನೀರು ಕಣ್ಣೆದುರೇ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ತಿರುಗುವುದನ್ನು ನೋಡಿದ ಮೇಲೆ ಮತ್ತೆ ಆ ಪ್ರಶ್ನೆ ಬರುವುದಿಲ್ಲ.

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿರುವವರಿಗೆ, ಅವರಿಗೆ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳಿಗೆ, ಲ್ಯಾಬ್ ಟೆಕ್ನಿಷಿಯನ್ನರಿಗೆ ಈ ಲೇಖನ ಬರೆಯುತ್ತಿದ್ದೇನೆ. ದೊಡ್ಡ ಯಂತ್ರಗಳು ಬೇಕಿಲ್ಲ. ಹಾಟ್ ಪ್ಲೇಟ್, ಸೆಂಟ್ರಿಫ್ಯೂಜ್, ಮೈಕ್ರೋಪಿಪೆಟ್, ಒಂದು ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಸಾಕು. ನಾವು ಪತ್ತೆ ಹಚ್ಚಲು ಹೊರಟಿರುವುದು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಂಬ ಪ್ರೋಟೀನನ್ನು. ಜ್ವರ ಇಳಿಯದೆ ಡಾಕ್ಟರ ಹತ್ತಿರ ಹೋದಾಗ ರಕ್ತಪರೀಕ್ಷೆ ಚೀಟಿಯಲ್ಲಿ ಬರೆದುಕೊಡುತ್ತಾರಲ್ಲ, ಅದೇ. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಇದು ರಕ್ತದಲ್ಲಿ ಏರುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು.

ಸಿಆರ್‌ಪಿಯನ್ನೇ ಆರಿಸಲು ಕಾರಣವಿದೆ. ಶುದ್ಧ ಪ್ರೋಟೀನ್ ಕೊಳ್ಳಲು ಸಿಗುತ್ತದೆ. ಅದರಿಂದ ಸೋಂಕು ತಗಲುವ ಭಯವಿಲ್ಲ. ಇನ್ನೊಂದು ಅನುಕೂಲವೂ ಇದೆ: ಸಿಆರ್‌ಪಿ ಒಂದೇ ತರಹದ ಐದು ತುಂಡುಗಳು ಉಂಗುರದಂತೆ ಸೇರಿ ಆದದ್ದು. ಸ್ಟ್ರಿಪ್‌ನಲ್ಲಿ ಅದನ್ನು ಒಂದು ಕಡೆ ಚಿನ್ನದ ಮೇಲಿನ ಆಂಟಿಬಾಡಿ (ಒಂದು ವಸ್ತುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನ್), ಇನ್ನೊಂದು ಕಡೆ ಗೆರೆಯ ಆಂಟಿಬಾಡಿ ಹಿಡಿಯಬೇಕು. ತುಂಡುಗಳು ಒಂದೇ ತರಹ ಇರುವುದರಿಂದ ಇದಕ್ಕೆ ಎರಡು ಬೇರೆ ಬೇರೆ ಆಂಟಿಬಾಡಿ ಬೇಕೇಬೇಕು ಅಂತಿಲ್ಲ. ಒಂದೇ ಮೊನೊಕ್ಲೋನಲ್ (ಒಂದೇ ಜಾಗವನ್ನು ಗುರುತಿಸುವ) ಆಂಟಿಬಾಡಿಯಿಂದಲೂ ಕೆಲಸ ನಡೆಯುತ್ತದೆ. ಕಾಲೇಜಿನ ಬಜೆಟ್ಟಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲೇ ಒಂದು ಮಾತು. ಕಣ ಮಾಡುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಣವನ್ನು ಒಡೆಯದಂತೆ ಕೊನೆಯವರೆಗೆ ಕಾಪಾಡುವುದೇ ಕಷ್ಟದ್ದು. ಹಾಲು ಒಡೆಯುವ ಹಾಗೆಯೇ ಚಿನ್ನದ ದ್ರಾವಣವೂ ಒಡೆಯುತ್ತದೆ. ಒಡೆದಾಗ ಕೆಂಪು ಹೋಗಿ ನೇರಳೆ, ನೀಲಿ, ಕೊನೆಗೆ ಬೂದು ಬಣ್ಣವಾಗುತ್ತದೆ. ಪ್ರತಿ ಹಂತದಲ್ಲೂ ಬಣ್ಣ ನೋಡಿ. ಯಾವ ಯಂತ್ರಕ್ಕಿಂತ ಮೊದಲು ಅದು ನಿಮಗೆ ವಿಷಯ ತಿಳಿಸುತ್ತದೆ.

ಚಿನ್ನ ಯಾಕೆ?

ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್. ನಮಗೆ ಬೇಕಾದ ಕಣ 40 ನ್ಯಾನೋಮೀಟರಿನದು. 25,000 ಕಣ ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಇಷ್ಟು ಸಣ್ಣದಾದಾಗ ಚಿನ್ನದ ಹೊರಮೈಯ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಒಟ್ಟಾಗಿ ತೂಗಾಡುತ್ತವೆ. ಹಸಿರು ಬೆಳಕನ್ನು ಬಲವಾಗಿ ಹೀರುತ್ತವೆ. ಉಳಿದದ್ದು ನಮಗೆ ಕೆಂಪಾಗಿ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಈ ಹೀರುವಿಕೆ ಕೆಂಪು ಬೆಳಕಿನ ಕಡೆಗೆ ಸರಿಯುತ್ತದೆ, ಆಗ ದ್ರಾವಣ ನೀಲಿಯಾಗಿ ಕಾಣುತ್ತದೆ.

ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ಚಿನ್ನದ ಬಗ್ಗೆ ಬರೆದರು. ಅವರು ಮಾಡಿದ ದ್ರಾವಣದ ಬಾಟಲಿಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಇಂದಿಗೂ ಇಟ್ಟುಕೊಂಡಿದೆ.

ಸಾಮಾನ್ಯ ಬಣ್ಣದ ಒಂದು ಅಣುವಿಗೆ ಹೋಲಿಸಿದರೆ 40 ನ್ಯಾನೋಮೀಟರಿನ ಒಂದು ಕಣ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಬೆಳಕು ತಡೆಯುತ್ತದೆ. ಅಂದರೆ ತುಂಬ ಕಡಿಮೆ ಕಣಗಳು ಒಂದೆಡೆ ಸೇರಿದರೂ ಬರಿಗಣ್ಣಿಗೆ ಗೆರೆ ಕಾಣುತ್ತದೆ. ಯಂತ್ರ ಬೇಡ, ಕರೆಂಟು ಬೇಡ. ಆರೋಗ್ಯ ಕೇಂದ್ರದ ಮೇಜಿನ ಮೇಲೆ ಹದಿನೈದು ನಿಮಿಷದಲ್ಲಿ ಉತ್ತರ ಸಿಗುವುದು ಇದರಿಂದ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಚಿನ್ನ ಅಂದ ಕೂಡಲೇ ಎಲ್ಲರೂ ಹಿಂದೇಟು ಹಾಕುತ್ತಾರೆ. ಒಂದು ಗ್ರಾಂ ಗೋಲ್ಡ್ ಕ್ಲೋರೈಡಿನಲ್ಲಿ ಇರುವುದು ಸುಮಾರು ಅರ್ಧ ಗ್ರಾಂ ಚಿನ್ನ. ಅದರಿಂದ ಹತ್ತು ಲೀಟರ್ ಕೆಂಪು ದ್ರಾವಣವಾಗುತ್ತದೆ. ಒಂದು ಸ್ಟ್ರಿಪ್‌ಗೆ ಆ ದ್ರಾವಣದ ಹತ್ತನೇ ಒಂದು ಮಿಲಿಲೀಟರಿನಷ್ಟು ಸಾಕು. ಏನೂ ಹಾಳಾಗದಿದ್ದರೆ ಒಂದು ಲಕ್ಷ ಸ್ಟ್ರಿಪ್! ದುಬಾರಿ ಆಗುವುದು ಆಂಟಿಬಾಡಿ. ಹಾಗಾಗಿ ಆಂಟಿಬಾಡಿ ಮುಟ್ಟುವ ಮೊದಲು ಚಿನ್ನ ಸರಿಯಿದೆಯಾ ಅಂತ ಖಚಿತ ಮಾಡಿಕೊಳ್ಳಬೇಕು.

ಹಂತ 1: ಪಾತ್ರೆ ತೊಳೆಯುವುದು

ನಗಬೇಡಿ, ಅರ್ಧ ಸೋಲು ಇಲ್ಲೇ ಆಗುತ್ತದೆ. ಒಮ್ಮೆ ನಮ್ಮಲ್ಲಿ ಎರಡು ದಿನ ಎಷ್ಟು ಸಲ ಮಾಡಿದರೂ ಕಪ್ಪು ನೀರೇ ಬಂತು. ಗೋಲ್ಡ್ ಕ್ಲೋರೈಡ್ ಕೆಟ್ಟಿದೆ ಅಂದುಕೊಂಡು ಹೊಸ ಬಾಟಲಿಗೆ ಆರ್ಡರ್ ಕೂಡ ಬರೆದೆವು. ಆಮೇಲೆ ಒಬ್ಬ ಹುಡುಗಿ ಫ್ಲಾಸ್ಕಿಗೆ ಬರೀ ನೀರು ಹಾಕಿ ಕುಲುಕಿ ತೋರಿಸಿದಳು. ಮೇಲೆ ಸಣ್ಣ ನೊರೆ ನಿಂತಿತ್ತು. ಸೋಪು ಪೂರ್ತಿ ಹೋಗಿರಲಿಲ್ಲ.

ಲ್ಯಾಬುಗಳಲ್ಲಿ ಇದಕ್ಕೆ ಆಕ್ವಾ ರೀಜಿಯಾ ಬಳಸುತ್ತಾರೆ. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲ. ಇದು ಹಳೇ ಚಿನ್ನದ ಚೂರನ್ನೂ ಕರಗಿಸುತ್ತದೆ. ಆದರೆ ಅಪಾಯದ ವಸ್ತು. ಫ್ಯೂಮ್ ಹುಡ್ ಒಳಗೆ, ಕನ್ನಡಕ ಮತ್ತು ದಪ್ಪ ಕೈಗವಸು ಹಾಕಿ, ಅನುಭವ ಇರುವವರೇ ಮಾಡಬೇಕು. ಬೇಕಾದಷ್ಟನ್ನು ಆಗಲೇ ಬೆರೆಸಿಕೊಳ್ಳಬೇಕು. ಮುಚ್ಚಳ ಬಿಗಿದು ಎತ್ತಿಡಲೇಬಾರದು, ಒಳಗೆ ಗ್ಯಾಸ್ ತುಂಬಿ ಬಾಟಲಿ ಸಿಡಿಯುತ್ತದೆ. ಹುಡ್ ಇಲ್ಲದ ಲ್ಯಾಬಿಗೆ ನನ್ನ ಸಲಹೆ ಬೇರೆ: ಹೊಸ ಫ್ಲಾಸ್ಕ್ ಒಂದನ್ನು ಈ ಕೆಲಸಕ್ಕೇ ಮೀಸಲಿಡಿ. ಬೇರೆ ಯಾವುದಕ್ಕೂ ಕೊಡಬೇಡಿ. ಪ್ರತಿ ಸಲ ಶುದ್ಧ ನೀರಿನಲ್ಲಿ ಹತ್ತು ಬಾರಿ ತೊಳೆದು ಬೋರಲು ಹಾಕಿ.

ಕಲಕುವ ಮ್ಯಾಗ್ನೆಟ್ ತುಂಡನ್ನು ಮರೆಯಬೇಡಿ. ಗೀರು ಬಿದ್ದ ಹಳೇ ತುಂಡಿನ ಮೇಲೆ ಚಿನ್ನ ಕೂರಲು ಶುರುವಾಗುತ್ತದೆ.

ಹಂತ 2: ಕೆಂಪು ದ್ರಾವಣ

ಗೋಲ್ಡ್ ಕ್ಲೋರೈಡನ್ನು ಸಿಟ್ರೇಟಿನ ಜೊತೆ ಕುದಿಸಿ ಕಣ ಮಾಡುವ ಈ ವಿಧಾನವನ್ನು 1951ರಲ್ಲಿ ಟರ್ಕೆವಿಚ್ ಮತ್ತು ಜೊತೆಗಾರರು ಕೊಟ್ಟರು. 1973ರಲ್ಲಿ ಫ್ರೆನ್ಸ್ ಎಂಬವರು ಸಿಟ್ರೇಟ್ ಪ್ರಮಾಣ ಬದಲಿಸಿ ಕಣದ ಗಾತ್ರ ಬದಲಿಸಬಹುದು ಅಂತ ತೋರಿಸಿದರು. ಇಂದಿಗೂ ಇದೇ ನಡೆಯುತ್ತಿದೆ.

ಗೋಲ್ಡ್ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ನೀರಾಗುತ್ತದೆ. ತೂಕ ಮಾಡಲು ಕೂರಬೇಡಿ. ಒಂದು ಗ್ರಾಂ ಸೀಸೆ ಒಡೆದು ಇಡೀ ಪುಡಿಯನ್ನು 100 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿಬಿಡಿ. ಇದು 1% ದ್ರಾವಣ. ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಸ್ಟೀಲ್ ಚಮಚ ತಾಗಿಸಬೇಡಿ, ಅದನ್ನು ತಿನ್ನುತ್ತದೆ. ಕೈಗೆ ಬಿದ್ದರೆ ಚರ್ಮ ನೇರಳೆ ಕಲೆಯಾಗಿ ಕೆಲವು ದಿನ ಹೋಗುವುದಿಲ್ಲ.

ಫ್ಲಾಸ್ಕಿನಲ್ಲಿ 99 ಮಿ.ಲೀ. ನೀರು, ಅದಕ್ಕೆ 1 ಮಿ.ಲೀ. ಗೋಲ್ಡ್ ಕ್ಲೋರೈಡ್ ದ್ರಾವಣ. ಕಲಕುತ್ತಾ ಕುದಿಸಿ. ಚೆನ್ನಾಗಿ ಕುದಿ ಬರಬೇಕು, ಬರೀ ಬಿಸಿಯಾದರೆ ಸಾಲದು. ಆಗ 1% ಟ್ರೈಸೋಡಿಯಂ ಸಿಟ್ರೇಟ್ ದ್ರಾವಣವನ್ನು ಒಂದೇ ಏಟಿಗೆ ಸುರಿಯಿರಿ. ತೊಟ್ಟು ತೊಟ್ಟಾಗಿ ಹಾಕಿದರೆ ಕಣಗಳು ಬೇರೆ ಬೇರೆ ಗಾತ್ರಕ್ಕೆ ಬೆಳೆಯುತ್ತವೆ.

ಎಷ್ಟು ಸಿಟ್ರೇಟ್? 2 ಮಿ.ಲೀ. ಹಾಕಿದರೆ ಸುಮಾರು 16 ನ್ಯಾನೋಮೀಟರಿನ ಕಣ. 1 ಮಿ.ಲೀ. ಹಾಕಿದರೆ ಸುಮಾರು 41. ಸಿಟ್ರೇಟ್ ಕಡಿಮೆಯಾದಷ್ಟು ಕಣ ದೊಡ್ಡದು. ಮೊದಲ ಸಲ 2 ಮಿ.ಲೀ. ಹಾಕಿಯೇ ಮಾಡಿ. ಸಣ್ಣ ಕಣ ದುಂಡಗೆ, ಒಂದೇ ಸಮನಾಗಿ ಬರುತ್ತದೆ. ಕೈ ಪಳಗಿದ ಮೇಲೆ 1 ಮಿ.ಲೀ.ಗೆ ಹೋಗಿ. ಸ್ಟ್ರಿಪ್‌ಗೆ ಬೇಕಾದ್ದು ಈ ದೊಡ್ಡದು. ಆದರೆ 30 ದಾಟಿದ ಮೇಲೆ ಈ ವಿಧಾನದಲ್ಲಿ ಆಕಾರ ಸ್ವಲ್ಪ ಓರೆಕೋರೆ ಆಗುತ್ತದೆ. ಹೆಚ್ಚು ಸಮ ಬೇಕು ಅನ್ನುವವರು ಮೊದಲು ಸಣ್ಣ ಕಣ ಮಾಡಿ, ಅದನ್ನೇ ಬೀಜವಾಗಿಟ್ಟು ಬೆಳೆಸುತ್ತಾರೆ.

ಈಗ ಸುಮ್ನೆ ನಿಂತು ನೋಡಿ. ಹಳದಿ ಹೋಗಿ ನೀರಿನ ಹಾಗೆ ತಿಳಿಯಾಗುತ್ತದೆ. ಆಮೇಲೆ ಬೂದು. ಆಮೇಲೆ ಇಂಕಿನಂತೆ ಕಡು ನೀಲಿ. ಇಲ್ಲಿ ಹೊಸಬರು ಕೆಟ್ಟಿತು ಅಂತ ಚೆಲ್ಲಿಬಿಡುತ್ತಾರೆ. ಚೆಲ್ಲಬೇಡಿ. ಇನ್ನೂ ಸ್ವಲ್ಪ ಹೊತ್ತಿಗೆ ನೇರಳೆ, ಕೊನೆಗೆ ಕೆಂಪು. ಕೆಂಪು ಬಂದ ಮೇಲೂ 15 ನಿಮಿಷ ಕುದಿಸಿ, ಕಲಕುತ್ತಲೇ ತಣಿಸಿ, ಆವಿಯಾದಷ್ಟು ನೀರನ್ನು ಮತ್ತೆ ತುಂಬಿಸಿ 100 ಮಿ.ಲೀ. ಮಾಡಿ.

ಹಂತ 3: ಸರಿಯಾಗಿದೆಯಾ ಅಂತ ನೋಡುವುದು

ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಬೆಳಕಿನ ತರಂಗಾಂತರ 400ರಿಂದ 750 ನ್ಯಾನೋಮೀಟರ್ ತನಕ ಓಡಿಸಿ. ಸಣ್ಣ ಕಣಕ್ಕೆ ಬೆಳಕು ಹೀರುವಿಕೆಯ ಶಿಖರ 520ರ ಹತ್ತಿರ, 40ರ ಕಣಕ್ಕೆ 525ರಿಂದ 530ರ ಒಳಗೆ ಇರಬೇಕು. ಶಿಖರದ ಎತ್ತರ ಸುಮಾರು 1 ಬರುತ್ತದೆ. ನಾನು ಶಿಖರಕ್ಕಿಂತ ಜಾಸ್ತಿ 650ರ ಹತ್ತಿರದ ಬಾಲವನ್ನು ನೋಡುತ್ತೇನೆ. ಅಲ್ಲಿ ಗೆರೆ ಕೆಳಗೆ ಮಲಗಿರಬೇಕು. ಎದ್ದಿದ್ದರೆ ಕಣಗಳು ಆಗಲೇ ಗುಂಪುಗೂಡಿವೆ ಅಂತ ಅರ್ಥ. ಅದನ್ನು ಮುಂದಕ್ಕೆ ಒಯ್ಯಬೇಡಿ.

ಹಂತ 4: ಉಪ್ಪಿನ ಪರೀಕ್ಷೆ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಚಿನ್ನದ ಕಣಗಳ ಮೇಲೆ ಸಿಟ್ರೇಟ್ ಕೂತಿರುತ್ತದೆ. ಅದರ ಋಣ ವಿದ್ಯುತ್ತು ಕಣಗಳನ್ನು ಒಂದರಿಂದ ಒಂದು ದೂರ ಇಡುತ್ತದೆ. ಉಪ್ಪು ಹಾಕಿದರೆ ಆ ತಡೆ ಮುರಿಯುತ್ತದೆ. ಕಣಗಳು ಅಂಟಿಕೊಂಡು ದ್ರಾವಣ ನೀಲಿಯಾಗುತ್ತದೆ. ಆದರೆ ಕಣದ ಮೈತುಂಬ ಆಂಟಿಬಾಡಿ ಹೊದಿಸಿದ್ದರೆ ಉಪ್ಪಿಗೆ ಅದು ಜಗ್ಗುವುದಿಲ್ಲ, ಕೆಂಪಾಗೇ ಇರುತ್ತದೆ. ಎಷ್ಟು ಆಂಟಿಬಾಡಿ ಸಾಕು ಅನ್ನುವುದನ್ನು ಹೀಗೆ ಕಂಡುಕೊಳ್ಳುತ್ತೇವೆ.

ಮೊದಲು ಆಂಟಿಬಾಡಿಯ ಸೀಸೆಯ ಮೇಲಿನ ಚೀಟಿ ಓದಿ. ಫಾಸ್ಫೇಟ್ ಸಲೈನ್, ಟ್ರಿಸ್, ಗ್ಲೈಸಿನ್, ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್), ಅಜೈಡ್ ಯಾವುದಾದರೂ ಇದ್ದರೆ ಹಾಗೇ ಬಳಸಬೇಡಿ. ಸಲೈನಿನ ಉಪ್ಪು ತಾನೇ ಚಿನ್ನವನ್ನು ಒಡೆಯುತ್ತದೆ. ಬಿಎಸ್‌ಎ ಇದ್ದರೆ ಆಂಟಿಬಾಡಿಗಿಂತ ಮೊದಲು ಅದೇ ಹೋಗಿ ಕಣದ ಮೇಲೆ ಕೂತು, ಉಪ್ಪಿನ ಪರೀಕ್ಷೆ ಪಾಸಾದಂತೆ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕೊಳ್ಳುವಾಗಲೇ ಬಿಎಸ್‌ಎ ಇಲ್ಲದ್ದನ್ನು ಕೇಳಿ. 5 ಮಿಲಿಮೋಲಾರ್ ಬೋರೇಟ್ ಬಫರಿಗೆ ರಾತ್ರಿಯಿಡೀ ಡಯಾಲಿಸಿಸ್ (ತೆಳು ಪೊರೆಯ ಚೀಲದಲ್ಲಿಟ್ಟು ಉಪ್ಪು ಹೊರಹೋಗಲು ಬಿಡುವುದು) ಮಾಡಿಟ್ಟುಕೊಳ್ಳಿ.

ಆಮೇಲೆ ಚಿನ್ನದ ಪಿಎಚ್. 0.2 ಮೋಲಾರ್ ಪೊಟ್ಯಾಸಿಯಂ ಕಾರ್ಬೋನೇಟನ್ನು ತೊಟ್ಟು ತೊಟ್ಟಾಗಿ ಹಾಕಿ 8.5ಕ್ಕೆ ತನ್ನಿ. ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ಬರೀ ಚಿನ್ನದಲ್ಲಿ ಅದ್ದಬೇಡಿ. ಅದರಿಂದ ಸೋರುವ ಉಪ್ಪು ಚಿನ್ನವನ್ನು ಒಡೆಯುತ್ತದೆ, ಚಿನ್ನ ಅದರ ಬಾಯಿ ಕಟ್ಟುತ್ತದೆ. ಪಿಎಚ್ ಕಾಗದ ಸಾಕು. ಎಲ್ಲ ಆಂಟಿಬಾಡಿಗೂ 8.5 ಸರಿ ಹೋಗುವುದಿಲ್ಲ. ಅದರ ಐಸೋಎಲೆಕ್ಟ್ರಿಕ್ ಬಿಂದುವಿಗಿಂತ (ಪ್ರೋಟೀನಿನ ಒಟ್ಟು ವಿದ್ಯುತ್ತು ಸೊನ್ನೆಯಾಗುವ ಪಿಎಚ್) ಅರ್ಧ ಅಂಕ ಮೇಲಿರಲಿ ಅನ್ನುವುದು ರೂಢಿ. ಬಿಂದು ಗೊತ್ತಿಲ್ಲದಿದ್ದರೆ 7.5, 8, 8.5, 9 ನಾಲ್ಕರಲ್ಲೂ ಮಾಡಿ ನೋಡಿ.

ಎಂಟು ಸಣ್ಣ ಟ್ಯೂಬುಗಳನ್ನು ಸಾಲಾಗಿ ಇಡಿ. ಪ್ರತಿಯೊಂದಕ್ಕೂ 250 ಮೈಕ್ರೋಲೀಟರ್ ಚಿನ್ನ. ಒಂದು ಮಿಲಿಲೀಟರ್ ಚಿನ್ನಕ್ಕೆ 0, 2, 4, 6, 8, 10, 12, 15 ಮೈಕ್ರೋಗ್ರಾಂ ಲೆಕ್ಕದಲ್ಲಿ ಆಂಟಿಬಾಡಿ. ಅಂದರೆ ಟ್ಯೂಬಿಗೆ ಅದರ ಕಾಲು ಭಾಗ. ಕುಲುಕಿ 15 ನಿಮಿಷ ಬಿಡಿ. ಆಮೇಲೆ ಎಲ್ಲದಕ್ಕೂ 25 ಮೈಕ್ರೋಲೀಟರ್ 10% ಉಪ್ಪಿನ ನೀರು. ಹತ್ತು ನಿಮಿಷ ಕಾಯಿರಿ. ಹಿಂದೆ ಒಂದು ಬಿಳಿ ಹಾಳೆ ಹಿಡಿಯಿರಿ.

ಮೊದಲ ಟ್ಯೂಬು ಉಪ್ಪು ಬಿದ್ದ ಕೂಡಲೇ ನೇರಳೆ ಹಣ್ಣು ಹಿಸುಕಿದ ಹಾಗೆ ಆಗಿ ಬೂದಿಗೆ ಇಳಿಯುತ್ತದೆ. ಎರಡನೆಯದು ನೀಲಿ. ಮೂರನೆಯದು ನೇರಳೆ. ಎಲ್ಲೋ ಒಂದು ಕಡೆ ಬಣ್ಣ ಬದಲಾಗುವುದು ನಿಲ್ಲುತ್ತದೆ, ಅಲ್ಲಿಂದ ಆಚೆ ಎಲ್ಲವೂ ಕೆಂಪು. ಕೆಂಪಾಗಿ ಉಳಿದ ಮೊದಲ ಟ್ಯೂಬನ್ನು ಗುರುತು ಮಾಡಿ. ಅದಕ್ಕಿಂತ 10ರಿಂದ 20% ಜಾಸ್ತಿ ಸೇರಿಸಿದರೆ ಅದೇ ನಿಮ್ಮ ಅಳತೆ. ಮೊದಲ ಟ್ಯೂಬು ನೀಲಿಯಾಗಲೇ ಇಲ್ಲವೇ? ಹಾಗಾದರೆ ಚಿನ್ನದಲ್ಲಿ ಆಗಲೇ ಏನೋ ಸೇರಿಕೊಂಡಿದೆ, ಇಡೀ ಸಾಲು ಲೆಕ್ಕಕ್ಕಿಲ್ಲ. ಇಲ್ಲಿ ಹಾಳಾಗುವುದು ಕೆಲವು ಮೈಕ್ರೋಗ್ರಾಂ. ಈ ಪರೀಕ್ಷೆ ಬಿಟ್ಟು ನೇರವಾಗಿ ದೊಡ್ಡ ಪ್ರಮಾಣಕ್ಕೆ ಹೋದವರು ಇಡೀ ಸೀಸೆ ಆಂಟಿಬಾಡಿ ಕಳೆದುಕೊಂಡಿದ್ದನ್ನು ನಾನು ನೋಡಿದ್ದೇನೆ.

ಹಂತ 5: ಚಿನ್ನಕ್ಕೆ ಆಂಟಿಬಾಡಿ ಹೊದಿಸುವುದು

ಈಗ 10 ಮಿ.ಲೀ. ಚಿನ್ನ ತೆಗೆದುಕೊಳ್ಳಿ. ಲೆಕ್ಕ ಮಾಡಿದ ಆಂಟಿಬಾಡಿಯನ್ನು ಕಲಕುತ್ತಾ ಬೇಗ ಸೇರಿಸಿ. ಅರ್ಧ ಗಂಟೆ ಬಿಡಿ. ಆಂಟಿಬಾಡಿ ತಾನಾಗಿಯೇ ಕಣಕ್ಕೆ ಅಂಟುತ್ತದೆ, ಬೇರೆ ಗೋಂದು ಬೇಡ. ಆಮೇಲೆ 10% ಬಿಎಸ್‌ಎ ದ್ರಾವಣ 1 ಮಿ.ಲೀ. ಸೇರಿಸಿ ಮತ್ತೆ ಅರ್ಧ ಗಂಟೆ. ಕಣದ ಮೇಲೆ ಖಾಲಿ ಉಳಿದ ಜಾಗವನ್ನು ಇದು ತುಂಬುತ್ತದೆ. ಇಲ್ಲದಿದ್ದರೆ ಆ ಖಾಲಿ ಜಾಗಕ್ಕೆ ಸೀರಮ್ಮಿನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಏನೇನೋ ಬಂದು ಕೂತು, ರೋಗ ಇಲ್ಲದವರಿಗೂ ಗೆರೆ ಬರುತ್ತದೆ.

ಸೆಂಟ್ರಿಫ್ಯೂಜಿನಲ್ಲಿ 4 ಡಿಗ್ರಿಯಲ್ಲಿ ಸುಮಾರು 5,000 ಜಿ (ಗುರುತ್ವದ 5,000 ಪಟ್ಟು ಬಲ), 20ರಿಂದ 30 ನಿಮಿಷ. ಇದು 40ರ ಕಣಕ್ಕೆ. 16ರ ಕಣ ಕೆಳಗಿಳಿಯಲು ಇದರ ಮೂರು ಪಟ್ಟು ಜಿ ಬೇಕು. ಟ್ಯೂಬಿನ ತಳದಲ್ಲಿ ಕಡು ಕೆಂಪು, ಎಣ್ಣೆ ಹನಿಯಂತೆ ಜಾರುವ ಗಷ್ಟು ಇರಬೇಕು. ಓರೆ ಮಾಡಿದರೆ ಹರಿಯಬೇಕು. ಗೋಡೆಗೆ ಕಪ್ಪಾಗಿ ಅಂಟಿ ಕೂತರೆ ಒಡೆದಿದೆ ಅಂತ ಅರ್ಥ, ಅದನ್ನು ಎಷ್ಟು ಅಲ್ಲಾಡಿಸಿದರೂ ಸರಿಹೋಗುವುದಿಲ್ಲ. ಮೇಲಿನ ನೀರನ್ನು ಮೆಲ್ಲಗೆ ತೆಗೆಯಿರಿ. ಆಸೆಬಿದ್ದು ಕೊನೆಯ ತೊಟ್ಟಿನವರೆಗೂ ಎಳೆಯಬೇಡಿ.

1% ಬಿಎಸ್‌ಎ ಇರುವ ಬೋರೇಟ್ ಬಫರಿನಲ್ಲಿ ಮತ್ತೆ ಕರಗಿಸಿ, ಒಟ್ಟು 1 ಮಿ.ಲೀ. ಮಾಡಿ. ಈಗ ಇದು ಮೊದಲಿನ ಹತ್ತು ಪಟ್ಟು ಗಟ್ಟಿ. ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಇಡಲೇಬೇಡಿ. ಪ್ರೋಟೀನುಗಳನ್ನು ಫ್ರೀಜರಿನಲ್ಲಿಟ್ಟು ಅಭ್ಯಾಸವಾದವರು ಕೈ ತಪ್ಪಿ ಅಲ್ಲಿಟ್ಟುಬಿಡುತ್ತಾರೆ. ಹೆಪ್ಪುಗಟ್ಟಿ ಕರಗಿದರೆ ಉಳಿಯುವುದು ಬೂದು ಕೆಸರು. ಟ್ಯೂಬಿನ ಮೇಲೆ ದೊಡ್ಡದಾಗಿ ಬರೆದಿಡಿ.

ಹಂತ 6: ಅರ್ಧ ಸ್ಟ್ರಿಪ್‌ನಲ್ಲಿ ಮೊದಲು ನೋಡುವುದು

ಪೂರ್ತಿ ಸ್ಟ್ರಿಪ್ ಕಟ್ಟುವ ಅವಸರ ಬೇಡ. ಮೊದಲು ನೈಟ್ರೋಸೆಲ್ಯುಲೋಸ್ ಮೆಂಬ್ರೇನ್, ಅದರ ತುದಿಗೆ ನೀರು ಹೀರುವ ಪ್ಯಾಡ್, ಇಷ್ಟೇ ಇಟ್ಟು ನೋಡಿ. ಮೆಂಬ್ರೇನನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ತಾಗಿದ ಕಡೆ ನೀರು ಹರಿಯುವುದಿಲ್ಲ. ಬೆಂಕಿಯಿಂದಲೂ ದೂರ ಇಡಿ. ಇದು ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಗೆರೆ ಎಳೆಯುವ ಯಂತ್ರ ನಮ್ಮಂಥವರ ಹತ್ತಿರ ಇರುವುದಿಲ್ಲ. ಗೆರೆಯ ಬದಲು ಚುಕ್ಕೆ ಇಡಿ. ಒಂದು ಮಿ.ಲೀ.ಗೆ ಒಂದು ಮಿಲಿಗ್ರಾಂ ಇರುವ ಸಿಆರ್‌ಪಿ ಆಂಟಿಬಾಡಿ ಅರ್ಧ ಮೈಕ್ರೋಲೀಟರ್, ಅದು ಪರೀಕ್ಷೆಯ ಚುಕ್ಕೆ. ಅದರಿಂದ 5 ಮಿಲಿಮೀಟರ್ ಮೇಲೆ ಇಲಿಯ ಆಂಟಿಬಾಡಿಯನ್ನು (ಚಿನ್ನಕ್ಕೆ ಹೊದಿಸಿದ ನಮ್ಮ ಆಂಟಿಬಾಡಿ ಇಲಿಯದು) ಹಿಡಿಯುವ ಇನ್ನೊಂದು ಆಂಟಿಬಾಡಿ, ಅದು ಕಂಟ್ರೋಲ್ ಚುಕ್ಕೆ. ಪಿಪೆಟ್ ತುದಿಯಿಂದ ಮೆಂಬ್ರೇನ್ ಕೆರೆಯಬಾರದು. ಹನಿ ತಾಗಿದರೆ ಸಾಕು, ಅದೇ ಎಳೆದುಕೊಳ್ಳುತ್ತದೆ. 37 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, 4 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ.

96 ಗುಳಿಯ ಪ್ಲೇಟಿನಲ್ಲಿ 10 ಮೈಕ್ರೋಲೀಟರ್ ಹೊದಿಸಿದ ಚಿನ್ನ, 50 ಮೈಕ್ರೋಲೀಟರ್ ಸ್ಯಾಂಪಲ್. ಸ್ಯಾಂಪಲ್ ತೆಳು ಮಾಡುವ ಬಫರಿನಲ್ಲಿ ಟ್ವೀನ್-20 ಎಂಬ ಸೋಪಿನಂಥ ವಸ್ತು ಸ್ವಲ್ಪ ಇರಲಿ. ಅರ್ಧ ಸ್ಟ್ರಿಪ್ಪನ್ನು ಅದರಲ್ಲಿ ನಿಲ್ಲಿಸಿ. ಕೆಂಪು ಮೇಲಕ್ಕೇರುತ್ತದೆ. ಸಿಆರ್‌ಪಿ ಇದ್ದರೆ ಅದನ್ನು ಒಂದು ಕಡೆ ಚಿನ್ನದ ಆಂಟಿಬಾಡಿ, ಇನ್ನೊಂದು ಕಡೆ ಚುಕ್ಕೆಯ ಆಂಟಿಬಾಡಿ ಹಿಡಿಯುತ್ತದೆ. ಚಿನ್ನ ಅಲ್ಲೇ ನಿಲ್ಲುತ್ತದೆ. ಸಿಆರ್‌ಪಿ ಇಲ್ಲದಿದ್ದರೆ ಚಿನ್ನ ದಾಟಿ ಹೋಗಿ ಕಂಟ್ರೋಲ್ ಚುಕ್ಕೆಯಲ್ಲಿ ಮಾತ್ರ ನಿಲ್ಲುತ್ತದೆ.

ಕಂಟ್ರೋಲ್ ಚುಕ್ಕೆ ಬಂತು ಅಂದರೆ ಚಿನ್ನ ಅಲ್ಲಿಯವರೆಗೆ ಹರಿಯಿತು ಅಂತಷ್ಟೇ. ಪರೀಕ್ಷೆಯ ಚುಕ್ಕೆಯ ಆಂಟಿಬಾಡಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಹಾಗಾಗಿ ಪ್ರತಿ ದಿನ ಗೊತ್ತಿರುವ ಸಿಆರ್‌ಪಿ ಸ್ಯಾಂಪಲ್ ಒಂದನ್ನು ಜೊತೆಗೆ ಓಡಿಸಲೇಬೇಕು.

ಹಂತ 7: ಎಷ್ಟು ಕಡಿಮೆ, ಎಷ್ಟು ಜಾಸ್ತಿ

ಮಿ.ಲೀ.ಗೆ 0, 1, 5, 10, 50, 100, 1,000, 10,000 ನ್ಯಾನೋಗ್ರಾಂ ಸಿಆರ್‌ಪಿ. ಎಲ್ಲವನ್ನೂ ಮೂರು ಮೂರು ಸಲ ಮಾಡಿ. ಸರಿಯಾಗಿ 15ನೇ ನಿಮಿಷಕ್ಕೆ ಫೋಟೋ ತೆಗೆಯಿರಿ. ಒಂದೇ ಬೆಳಕು, ಒಂದೇ ದೂರ. ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಚುಕ್ಕೆಯ ಗಾಢತೆ ಅಳೆಯಬಹುದು.

ಕೊನೆಯ ಎರಡರಲ್ಲಿ ಬಹಳಷ್ಟು ಸಲ ಒಂದು ವಿಚಿತ್ರ ಕಾಣುತ್ತದೆ. ಸಿಆರ್‌ಪಿ ಜಾಸ್ತಿಯಾದರೂ ಚುಕ್ಕೆ ಮಂಕಾಗುತ್ತದೆ! ಇದನ್ನು ಹುಕ್ ಎಫೆಕ್ಟ್ ಅನ್ನುತ್ತಾರೆ. ಸಿಆರ್‌ಪಿ ಅತಿಯಾದಾಗ ಚಿನ್ನದ ಮೇಲಿನ ಆಂಟಿಬಾಡಿಗೆಲ್ಲ ಒಂದೊಂದು ಸಿಕ್ಕಿರುತ್ತದೆ, ಚುಕ್ಕೆಯ ಆಂಟಿಬಾಡಿಗೂ ಬೇರೆ ಒಂದೊಂದು ಸಿಕ್ಕಿರುತ್ತದೆ. ಎರಡನ್ನೂ ಜೋಡಿಸುವ ಕೊಂಡಿಯೇ ಉಳಿಯುವುದಿಲ್ಲ. ಬೇರೆ ಪರೀಕ್ಷೆಗಳಲ್ಲಿ ಇದು ಅಪರೂಪ ಇರಬಹುದು. ಸಿಆರ್‌ಪಿಯಲ್ಲಿ ಹಾಗಲ್ಲ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆ ಇರುವುದು, ಜೋರು ಸೋಂಕಿನಲ್ಲಿ 200 ದಾಟಬಹುದು. ಅಂದರೆ ಅತಿ ಹೆಚ್ಚು ಕಾಯಿಲೆ ಇರುವವರಿಗೇ ನಿಮ್ಮ ಸ್ಟ್ರಿಪ್ ಏನೂ ಇಲ್ಲ ಅಂತ ಹೇಳಿಬಿಡಬಹುದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಕೈ ನಡುಗುತ್ತದೆ.

ಪರಿಹಾರ ಸರಳ. ಸೀರಮ್ಮನ್ನು 200 ಪಟ್ಟು ತೆಳು ಮಾಡಿ. ಆಗ ಲೀಟರಿಗೆ 5 ಮಿಲಿಗ್ರಾಂ ಇದ್ದದ್ದು ಮಿ.ಲೀ.ಗೆ 25 ನ್ಯಾನೋಗ್ರಾಂ ಆಗುತ್ತದೆ, 200 ಇದ್ದದ್ದು 1,000 ಆಗುತ್ತದೆ. ನಿಮ್ಮ ಸ್ಟ್ರಿಪ್‌ನ ಹುಕ್ ಎಲ್ಲಿ ಶುರುವಾಗುತ್ತದೆ ನೋಡಿಕೊಂಡು ಇನ್ನೂ ತೆಳು ಬೇಕೇ ಅಂತ ತೀರ್ಮಾನಿಸಿ. ಅನುಮಾನ ಬಂದ ಸ್ಯಾಂಪಲ್ಲನ್ನು ಮತ್ತೆ ಹತ್ತು ಪಟ್ಟು ತೆಳು ಮಾಡಿ ಓಡಿಸಿ. ಚುಕ್ಕೆ ಗಾಢವಾದರೆ ಹುಕ್ ಇತ್ತು ಅಂತ ಖಚಿತ.

ಕಡಿಮೆ ಕಡೆಯ ಮಿತಿಗೆ ಸಿಆರ್‌ಪಿ ಇಲ್ಲದ ಸ್ಯಾಂಪಲ್ ಕನಿಷ್ಠ 20 ಸಲ ಓಡಿಸಿ. ಬರೀ ಬಫರ್ ಅಲ್ಲ, ಸಿಆರ್‌ಪಿ ತೆಗೆದ ಸೀರಮ್ ಆಗಬೇಕು. ಸೀರಮ್ಮಿನಲ್ಲಿ ರೂಮಟಾಯ್ಡ್ ಫ್ಯಾಕ್ಟರಿನಂಥವು (ಬೇರೆ ಆಂಟಿಬಾಡಿಗಳಿಗೇ ಅಂಟುವ ಆಂಟಿಬಾಡಿ) ಇರಬಹುದು, ಅವು ಎರಡು ಆಂಟಿಬಾಡಿಗಳನ್ನು ತಾವೇ ಜೋಡಿಸಿ ಸುಳ್ಳು ಚುಕ್ಕೆ ಮೂಡಿಸಬಲ್ಲವು. 20 ಅಳತೆಗಳ ಸರಾಸರಿಗೆ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್‌ನ 1.645 ಪಟ್ಟು ಸೇರಿಸಿ. ಅದಕ್ಕಿಂತ ಕೆಳಗಿನದನ್ನು ಇದೆ ಅಂತ ಹೇಳಬೇಡಿ.

ಮಂಕು ಚುಕ್ಕೆಗಳನ್ನು ಮಾಡಿದವರೇ ಓದಬಾರದು. ಯಾವುದು ಯಾವ ಸ್ಯಾಂಪಲ್ ಅಂತ ಗೊತ್ತಿಲ್ಲದ ಇಬ್ಬರ ಕೈಗೆ ಕೊಡಿ. ಇದೆ, ಇಲ್ಲ ಅಂತ ಬೇರೆ ಬೇರೆ ಬರೆಯಲಿ. ಇಬ್ಬರೂ ಎಷ್ಟು ಸಲ ಒಪ್ಪಿದರು ಅನ್ನುವುದನ್ನು ರಿಪೋರ್ಟಿನಲ್ಲಿ ಹಾಕಿ.

ಹಂತ 8: ಪೂರ್ತಿ ಸ್ಟ್ರಿಪ್

ಅಂಟು ಇರುವ ಪ್ಲಾಸ್ಟಿಕ್ ಕಾರ್ಡಿನ ನಡುವೆ ಮೆಂಬ್ರೇನ್, ಒಂದು ತುದಿಗೆ ಹೀರುವ ಪ್ಯಾಡ್, ಇನ್ನೊಂದು ಕಡೆ ಚಿನ್ನ ಒಣಗಿಸಿದ ಗ್ಲಾಸ್ ಫೈಬರ್ ಪ್ಯಾಡ್, ಅದರ ಮೇಲೆ ಸ್ಯಾಂಪಲ್ ಪ್ಯಾಡ್. ಒಂದು ಇನ್ನೊಂದರ ಮೇಲೆ 2 ಮಿಲಿಮೀಟರ್ ಹತ್ತಿರಲಿ. ಸಂದು ಬಿಟ್ಟರೆ ನೀರು ಅಲ್ಲೇ ನಿಲ್ಲುತ್ತದೆ.

ಚಿನ್ನವನ್ನು ಪ್ಯಾಡಿಗೆ ಹಾಕುವ ಮೊದಲು 10% ಸಕ್ಕರೆ ಸೇರಿಸಿ. ಅಡುಗೆಮನೆಯದಲ್ಲ, ಲ್ಯಾಬಿನ ಸುಕ್ರೋಸ್. ಸಾಧ್ಯವಿದ್ದರೆ ಟ್ರೆಹಲೋಸ್ ಎಂಬ ಇನ್ನೊಂದು ಸಕ್ಕರೆ 5% ಕೂಡ. ನೀರು ಆರಿದಾಗ ಸಕ್ಕರೆ ಕಣಗಳ ನಡುವೆ ಕೂತು ಅವು ಅಂಟಿಕೊಳ್ಳದಂತೆ ಕಾಯುತ್ತದೆ. ಸ್ಯಾಂಪಲ್ ಬಿದ್ದಾಗ ಬೇಗ ಕರಗಿ ಚಿನ್ನವನ್ನು ಬಿಟ್ಟುಕೊಡುತ್ತದೆ. ಒಣಗಿದ ಪ್ಯಾಡು ಕೆಂಪು ಅಥವಾ ನಸು ನೇರಳೆ ಇದ್ದರೆ ಸರಿ. ನೀಲಿ ಬೂದು ಬಣ್ಣ ಬಂದರೆ ಸಕ್ಕರೆ ಸಾಲಲಿಲ್ಲ.

ಇನ್ನೂ ಸೂಕ್ಷ್ಮ ಬೇಕೆಂದರೆ

ಸಿಆರ್‌ಪಿಗೆ ಇಷ್ಟು ಸಾಕು. ಆದರೆ ಕೆಲವು ರೋಗಗಳಲ್ಲಿ ಹುಡುಕುವ ವಸ್ತು ತೀರಾ ಕಡಿಮೆ ಇರುತ್ತದೆ. ಆಗ ಚಿನ್ನದ ಮೇಲೆ ಬೆಳ್ಳಿ ಬೆಳೆಸುತ್ತಾರೆ. ಚುಕ್ಕೆ ಮೂಡಿದ ಮೇಲೆ ಬೆಳ್ಳಿಯ ಲವಣ ಮತ್ತು ಅದನ್ನು ಲೋಹವಾಗಿಸುವ ರಾಸಾಯನಿಕ ಹಾಕಿದರೆ, ಬೆಳ್ಳಿ ಚಿನ್ನದ ಕಣದ ಸುತ್ತ ಕೂತು ದೊಡ್ಡದಾಗುತ್ತದೆ. ಕೆಂಪು ಕಾಣದಿದ್ದ ಕಡೆ ಕಪ್ಪು ಗೆರೆ ಏಳುತ್ತದೆ. ಫೋಟೋ ಫಿಲ್ಮಿನ ಕಾಲದ ಈ ಜ್ಞಾನವನ್ನು ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಟಿಬಿ ಪತ್ತೆಗೆ ತಂದಿದೆ. ಎಚ್‌ಐವಿ ಇರುವವರ ಮೂತ್ರದಲ್ಲಿ ಟಿಬಿಯ ಲ್ಯಾಮ್ ಎಂಬ ವಸ್ತುವನ್ನು ಹುಡುಕುವ ಅವರ ಪರೀಕ್ಷೆ ಬೆಳ್ಳಿಯಿಂದಲೇ ನಡೆಯುತ್ತದೆ. ಕಫ ಕೊಡಲೂ ಶಕ್ತಿಯಿಲ್ಲದ ರೋಗಿಗೆ ಮೂತ್ರ ಪರೀಕ್ಷೆ ಎಷ್ಟು ದೊಡ್ಡ ನೆರವು ಯೋಚಿಸಿ.

ಇನ್ನೊಂದು ದಾರಿ ಕಬ್ಬಿಣದ ಆಕ್ಸೈಡಿನ ಮ್ಯಾಗ್ನೆಟಿಕ್ ಕಣ. ಆಂಟಿಬಾಡಿ ಹೊದಿಸಿದ ಇಂಥ ಕಣವನ್ನು ಒಂದು ಮಿ.ಲೀ. ಸ್ಯಾಂಪಲ್ಲಿಗೆ ಹಾಕಿ, ಹೊರಗಿನಿಂದ ಮ್ಯಾಗ್ನೆಟ್ ಹಿಡಿದು ಮೂಲೆಗೆ ಎಳೆದು, 50 ಮೈಕ್ರೋಲೀಟರಿನಲ್ಲಿ ಬಿಡಿಸಿಕೊಂಡರೆ ಇಪ್ಪತ್ತು ಪಟ್ಟು ಗಟ್ಟಿಯಾಗುತ್ತದೆ. ಕೋವಿಡ್ ಕಾಲದಲ್ಲಿ ಬಹಳಷ್ಟು ಆರ್‌ಟಿ-ಪಿಸಿಆರ್ ಲ್ಯಾಬುಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಬೇರೆ ಮಾಡಿದ್ದು ಇಂಥದ್ದೇ ಮ್ಯಾಗ್ನೆಟಿಕ್ ಮಣಿಗಳಿಂದ.

ಒಂದು ಮಾತ್ರ ಹೇಳಬೇಕು. ಇವು ಯಾವುವೂ ಕೆಟ್ಟ ಆಂಟಿಬಾಡಿಯನ್ನು ಒಳ್ಳೆಯದು ಮಾಡುವುದಿಲ್ಲ. ಬೆಳ್ಳಿ ಸುಳ್ಳು ಗೆರೆಯನ್ನೂ ಅಷ್ಟೇ ಕಪ್ಪಾಗಿಸುತ್ತದೆ. ಸೊನ್ನೆ ಸ್ಯಾಂಪಲ್ಲಿನಲ್ಲಿ ಮಂಕು ಚುಕ್ಕೆ ಬರುತ್ತಿದ್ದರೆ ಮೊದಲು ಬಿಎಸ್‌ಎ, ಟ್ವೀನ್ ಬದಲಿಸಿ ಅದನ್ನು ಹೋಗಲಾಡಿಸಿ. ಬೆಳ್ಳಿ ಆಮೇಲೆ.

ರಕ್ತದ ಸ್ಯಾಂಪಲ್ ಮುಟ್ಟುವ ಮೊದಲು

ಜನರ ರಕ್ತ ಬಳಸಲು ಕಾಲೇಜಿನ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ರಕ್ತ ಕೊಟ್ಟವರ ಒಪ್ಪಿಗೆಯೂ ಬೇಕು. ಕೆಲಸ ಮಾಡುವವರೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಲಿ. ರಕ್ತ ತಾಗಿದ ಸ್ಟ್ರಿಪ್, ಟಿಪ್ಪುಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದ ಪ್ರಕಾರ ಬಣ್ಣದ ಚೀಲಗಳಲ್ಲಿ ಬೇರೆ ಬೇರೆ ಹಾಕಬೇಕು. ನಿಮ್ಮ ಸ್ಟ್ರಿಪ್ ಎಷ್ಟೇ ಚೆನ್ನಾಗಿ ಬಂದರೂ ಅದರ ಫಲಿತಾಂಶವನ್ನು ಯಾವ ರೋಗಿಗೂ ಹೇಳಬೇಡಿ. ನಮ್ಮ ದೇಶದಲ್ಲಿ ರೋಗಪತ್ತೆ ಕಿಟ್ಟುಗಳು 2017ರ ಮೆಡಿಕಲ್ ಡಿವೈಸಸ್ ನಿಯಮಗಳ ಕೆಳಗೆ ಬರುತ್ತವೆ, ಪರವಾನಗಿ ಇಲ್ಲದೆ ಬಳಸುವಂತಿಲ್ಲ.

ಇಟ್ಟುಕೊಳ್ಳುವುದು

ಕತ್ತರಿಸಿದ ಸ್ಟ್ರಿಪ್ಪುಗಳನ್ನು ಅಲ್ಯೂಮಿನಿಯಂ ಫಾಯಿಲ್ ಚೀಲದಲ್ಲಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸೀಲ್ ಮಾಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಕಾಲೇಜುಗಳಲ್ಲಿ, ಈ ಕೆಲಸವನ್ನು ಕಿಟಕಿ ತೆರೆದಿಟ್ಟು ಮಾಡಬೇಡಿ. ಪ್ಯಾಡು ಗಾಳಿಯ ತೇವ ಕುಡಿದರೆ ಚಿನ್ನ ಪ್ಯಾಡಿನಲ್ಲೇ ಉಳಿದುಬಿಡುತ್ತದೆ, ಮೇಲೆ ಬರುವುದೇ ಇಲ್ಲ. ಎಸಿ ಅಥವಾ ಡಿಹ್ಯೂಮಿಡಿಫೈಯರ್ ಇರುವ ಕೋಣೆ ಹುಡುಕಿ.

ಕೆಲವು ಚೀಲಗಳನ್ನು ಕೋಣೆಯಲ್ಲಿ, ಕೆಲವನ್ನು 45 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡಿ. ವಾರಕ್ಕೊಂದು ತೆರೆದು 0, 25, 100 ನ್ಯಾನೋಗ್ರಾಂ ಮೂರನ್ನೂ ಓಡಿಸಿ. ಫೋಟೋ ಅಂಟಿಸಿ, ತಾರೀಖು ಹಾಕಿ, ಪ್ಯಾಡಿನ ಬಣ್ಣ ಏನಿತ್ತು ಅಂತಲೂ ಪಕ್ಕದಲ್ಲಿ ಬರೆಯಿರಿ. 25ರ ಚುಕ್ಕೆ ಕಾಣದೆ ಹೋದ ವಾರ ಯಾವುದೋ, ಚೀಲದ ಮೇಲೆ ಬರೆಯುವ ಕೊನೆಯ ದಿನ ಅದಕ್ಕಿಂತ ಸಾಕಷ್ಟು ಹಿಂದೆ ಇರಲಿ.